ಹನಿ ಎಲೆಯ ಮೇಲೆ ನಿಲ್ಲಬೇಕಾದರೆ

ಈರುಳ್ಳಿಗೆ ಥ್ರಿಪ್ಸ್ ನುಸಿ ಹತ್ತಿದಾಗ ನಾನೇ ಬೆನ್ನಿಗೆ ಸ್ಪ್ರೇಯರ್ ಕಟ್ಟಿಕೊಂಡು ಮೊದಲ ಬಾರಿಗೆ ಔಷಧಿ ಹೊಡೆದ ದಿನ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆರಿಸಿದ ಔಷಧಿ ಸರಿಯಾದುದೇ ಆಗಿತ್ತು, ಪ್ರಮಾಣವನ್ನು ಅಳತೆಯ ಲೋಟದಲ್ಲಿ ಎರಡು ಸಲ ನೋಡಿ ಹಾಕಿದ್ದೆ, ಗಾಳಿಯೂ ಬೀಸುತ್ತಿರಲಿಲ್ಲ. ಒಂದು ಸಾಲು ಮುಗಿಸಿ ಹಿಂದಿರುಗಿ ನೋಡಿದರೆ, ನೆಟ್ಟಗೆ ನಿಂತ ಆ ಕೊಳವೆಯಂಥ ಎಲೆಗಳು ಒಣಗಿಯೇ ಇದ್ದವು. ಬುಡದ ಮಣ್ಣು ಮಾತ್ರ ಒದ್ದೆಯಾಗಿತ್ತು. ಹನಿಗಳು ಎಲೆಯನ್ನು ಮುಟ್ಟಿದ್ದವು, ಆದರೆ ಅಲ್ಲಿ ನಿಂತಿರಲಿಲ್ಲ. ಮುಂದಿನ ಬಾರಿ ಅದೇ ಔಷಧಿಗೆ ಸಿಲಿಕಾನ್ ಆಧಾರಿತ ಸ್ಪ್ರೆಡರ್, ಅಂದರೆ ಹನಿಯನ್ನು ಹರಡಿಸುವ ದ್ರವ್ಯ, ಬೆರೆಸಿದೆ. ಸ್ವಲ್ಪ ಹೆಚ್ಚಾದರೆ ಒಳ್ಳೆಯದೇ ಎಂದುಕೊಂಡು ಹೇಳಿದ್ದಕ್ಕಿಂತ ಮೂರು ಪಟ್ಟು ಹಾಕಿದ್ದರಿಂದ, ದ್ರಾವಣ ಎಲೆಯ ಉದ್ದಕ್ಕೂ ತೆಳುವಾಗಿ ಹರಡಿ, ಹಾಗೆಯೇ ಜಾರಿ ಮತ್ತೆ ಮಣ್ಣನ್ನೇ ಸೇರಿತು. ನಾಲ್ಕು ದಿನಗಳಲ್ಲಿ ಎಲೆಗಳ ತುದಿ ಸುಟ್ಟಂತೆ ಬಿಳಿಚಿಕೊಂಡಿತು. ಒಂದೇ ಬೆಳೆಯಲ್ಲಿ ಎರಡು ವಿರುದ್ಧ ತಪ್ಪುಗಳನ್ನು ಮಾಡಿದ ಮೇಲೆಯೇ ನಾನು ಈ ಪೂರಕ ದ್ರವ್ಯಗಳ ಬಗ್ಗೆ ಕುಳಿತು ಓದಲಾರಂಭಿಸಿದ್ದು.

ಇಂಗ್ಲಿಷಿನಲ್ಲಿ ಅಡ್ಜುವೆಂಟ್ ಎನ್ನುವ ಈ ದ್ರವ್ಯಗಳನ್ನು ಬಳಕೆಯ ಮಾತಿನಲ್ಲಿ ನಾವೆಲ್ಲ ಒಟ್ಟಾಗಿ 'ಅಂಟು' ಅಥವಾ 'ಸ್ಟಿಕ್ಕರ್' ಎಂದುಬಿಡುತ್ತೇವೆ. ಗೊಂದಲ ಹುಟ್ಟುವುದು ಈ ಒಂದೇ ಹೆಸರಿನಿಂದ ಎಂದು ನನಗೆ ಅನಿಸುತ್ತದೆ. ಹನಿಯನ್ನು ಹರಡುವುದು ಒಂದು ಕೆಲಸ, ಒಣಗಿದ ಮೇಲೆ ಮಳೆಗೆ ತೊಳೆದುಹೋಗದಂತೆ ಹಿಡಿದಿಡುವುದು ಇನ್ನೊಂದು, ಎಲೆಯ ಹೊರಪೊರೆಯನ್ನು ದಾಟಿಸಿ ಒಳಗೆ ಒಯ್ಯುವುದು ಮತ್ತೊಂದು, ಟ್ಯಾಂಕಿನ ನೀರಿನ ದೋಷವನ್ನು ಸರಿಪಡಿಸುವುದು ಇವೆಲ್ಲಕ್ಕಿಂತ ಬೇರೆಯದು. ಈ ಪೈಕಿ ಯಾವುದಕ್ಕೂ ಸಾಮಾನ್ಯವಾಗಿ ತಾನಾಗಿಯೇ ಕೀಟವನ್ನೋ ಕಳೆಯನ್ನೋ ಕೊಲ್ಲುವ ಶಕ್ತಿ ಇರುವುದಿಲ್ಲ. ಔಷಧಿಗೂ ಅದರ ಗುರಿಗೂ ನಡುವೆ ನಿಂತಿರುವ ಯಾವುದೋ ಒಂದು ಅಡ್ಡಿಯನ್ನು ಪ್ರತಿಯೊಂದೂ ತೆಗೆಯುತ್ತದೆ. ಹಾಗಾಗಿ ಅಡ್ಡಿ ಯಾವುದೆಂದು ತಿಳಿಯದೆ ಪೂರಕವನ್ನು ಸುರಿಯುವುದು, ಕಾಯಿಲೆ ಯಾವುದೆಂದು ಕೇಳದೆ ಮಾತ್ರೆ ನುಂಗಿದಂತೆಯೇ.

ಮೊದಲ ಅಡ್ಡಿ ಎಲೆಯ ಮೈಯಲ್ಲಿಯೇ ಇದೆ. ತಾವರೆಯ ಎಲೆಯ ಮೇಲೆ ನೀರು ನಿಲ್ಲದು ಎಂಬುದನ್ನು ನಮ್ಮ ಮಾತು ಬಹಳ ಹಿಂದೆಯೇ ಗಾದೆಯಂತೆ ಬಳಸಿಕೊಂಡಿದೆ, ಆದರೆ ಅದು ಏಕೆ ನಿಲ್ಲದು ಎಂಬುದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟವರು ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ತ್‌ಲಾಟ್ ಮತ್ತು ಅವರ ಸಹೋದ್ಯೋಗಿ ನೈನ್‌ಹಾಯಿಸ್. ಅವರ ಪ್ರಸಿದ್ಧ ಪ್ರಬಂಧ ಪ್ರಕಟವಾದದ್ದು 1997ರಲ್ಲಿ. ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳಿರುತ್ತವೆ, ಆ ಉಬ್ಬುಗಳ ಮೇಲೆ ಇನ್ನೂ ಸಣ್ಣ ಮೇಣದ ಹರಳುಗಳಿರುತ್ತವೆ; ಅವುಗಳ ನಡುವೆ ಸಿಕ್ಕಿಕೊಂಡ ಗಾಳಿಯ ಮೇಲೆ ಹನಿ ಹೆಚ್ಚುಕಡಿಮೆ ತೇಲುತ್ತಿರುತ್ತದೆ. ಹನಿಯ ಅಂಚು ಎಲೆಯೊಡನೆ ಮಾಡುವ ಕೋನ ಅಲ್ಲಿ 150 ಡಿಗ್ರಿಯನ್ನೂ ಮೀರುತ್ತದೆ, ಅಂದರೆ ಹನಿ ಮುತ್ತಿನಂತೆ ಗುಂಡಗೆ ಉಳಿದು, ಸ್ವಲ್ಪ ಇಳಿಜಾರು ಸಿಕ್ಕಿದರೂ ಉರುಳುತ್ತದೆ. ಈರುಳ್ಳಿ, ಎಲೆಕೋಸು, ಬಟಾಣಿ, ಎಳೆಯ ಗೋಧಿಯ ಎಲೆಗಳು ತಾವರೆಯಷ್ಟು ಅಲ್ಲದಿದ್ದರೂ ಅದೇ ಜಾಡಿನವು.

ಎರಡನೆಯ ಕಾರಣ ನೀರಿನದು. ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಎಳೆದುಕೊಂಡಿರುವುದರಿಂದ ಹನಿ ತನ್ನ ಮೇಲ್ಮೈಯನ್ನು ಸಾಧ್ಯವಾದಷ್ಟು ಕಿರಿದಾಗಿಸಿಕೊಳ್ಳುತ್ತದೆ. ಈ ಮೇಲ್ಮೈ ಎಳೆತ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪ್ರತಿ ಮೀಟರಿಗೆ ಸುಮಾರು 73 ಮಿಲಿನ್ಯೂಟನ್. ಒಂದು ತುದಿ ನೀರನ್ನೂ ಇನ್ನೊಂದು ತುದಿ ಎಣ್ಣೆಯನ್ನೂ ಬಯಸುವ ಕಣಗಳನ್ನು ನೀರಿಗೆ ಬೆರೆಸಿದರೆ ಅವು ಮೇಲ್ಮೈಗೆ ಬಂದು ಸಾಲುಗಟ್ಟಿ ನಿಂತು ಆ ಎಳೆತವನ್ನು ಸಡಿಲಿಸುತ್ತವೆ. ವಿದ್ಯುದಂಶವಿಲ್ಲದ ಸಾಮಾನ್ಯ ಸ್ಪ್ರೆಡರ್‌ಗಳು ಅದನ್ನು ಸುಮಾರು 30ಕ್ಕೆ ಇಳಿಸುತ್ತವೆ. ಟ್ರೈಸಿಲಾಕ್ಸೇನ್ ಎಂಬ ಸಿಲಿಕಾನ್ ವರ್ಗದವು 20ರಿಂದ 22ರ ವರೆಗೂ ತರುತ್ತವೆ. ಸಿಲಿಕಾನ್ ಬೆರೆತ ಒಂದು ಹನಿಯನ್ನು ಮೇಣದಂಥ ಎಲೆಯ ಮೇಲೆ ಇಟ್ಟು ನೋಡಿದವರಿಗೆ ಇದರ ಅರ್ಥ ಕೂಡಲೇ ತಿಳಿಯುತ್ತದೆ: ನೋಡನೋಡುತ್ತಿದ್ದಂತೆ ಹನಿ ಮಾಯವಾಗಿ, ಅದರ ಜಾಗದಲ್ಲಿ ಹೊಳೆಯುವ ಒದ್ದೆ ಮಚ್ಚೆಯೊಂದು ಅಂಗುಲಗಟ್ಟಲೆ ಹಬ್ಬಿರುತ್ತದೆ.

ನಾನು ಮಾಡಿದ ಎರಡನೆಯ ತಪ್ಪಿನ ಕಾರಣವೂ ಇಲ್ಲಿಯೇ ಇದೆ. ಸ್ಪ್ರೆಡರಿನ ಕಣಗಳು ಹನಿಯ ಮೇಲ್ಮೈಯನ್ನು ಪೂರ್ತಿ ತುಂಬಿದ ಮೇಲೆ ಇನ್ನಷ್ಟು ಸುರಿದರೆ, ಹೆಚ್ಚಾದವು ನೀರಿನೊಳಗೆ ತಮ್ಮತಮ್ಮಲ್ಲೇ ಗುಂಪುಗೂಡುತ್ತವೆಯೇ ಹೊರತು ಮೇಲ್ಮೈ ಎಳೆತ ಮತ್ತೆ ಇಳಿಯುವುದಿಲ್ಲ. ಸಾಮಾನ್ಯ ಸ್ಪ್ರೆಡರಿಗೆ ಲೀಟರಿಗೆ 2.5 ಮಿಲಿಲೀಟರ್, ಸಿಲಿಕಾನಿಗೆ ಲೀಟರಿಗೆ ಕಾಲು ಮಿಲಿಲೀಟರಿನಿಂದ ಒಂದು ಮಿಲಿಲೀಟರ್ ಎಂದು ಹೆಚ್ಚಿನ ಲೇಬಲ್‌ಗಳು ಹೇಳುವುದು ಜಿಪುಣತನದಿಂದಲ್ಲ. ಅದನ್ನು ಮೀರಿದರೆ ಎಲೆಯ ಮೇಣಕ್ಕೆ ಪೆಟ್ಟು ಬೀಳುತ್ತದೆ, ನೊರೆ ಹೆಚ್ಚುತ್ತದೆ. ನೀರಿನ ಪ್ರಮಾಣವೂ ಹೆಚ್ಚಿದ್ದರೆ ಎಲೆ ಹಿಡಿದಿಟ್ಟುಕೊಳ್ಳಬಲ್ಲಷ್ಟನ್ನು ಮೀರಿ ಎಲ್ಲವೂ ಜಾರಿಹೋಗುತ್ತದೆ. ಸಿಲಿಕಾನ್ ಬಳಸುವಾಗ ಸಿಂಪಡಿಸುವ ನೀರನ್ನು ಕಡಿಮೆ ಮಾಡಬೇಕೆಂಬುದು ನನಗೆ ಆಗ ಯಾರೂ ಹೇಳಿರಲಿಲ್ಲ. ಲೇಬಲಿನಲ್ಲಿ ಬರೆದಿತ್ತು, ನಾನು ಓದಿರಲಿಲ್ಲ.

ಸಿಲಿಕಾನಿನ ಇನ್ನೊಂದು ಗುಣವನ್ನು ಬೇರೆಯಾಗಿಯೇ ಹೇಳಬೇಕು. ಎಲೆಯ ಉಸಿರಾಟದ ಬಾಗಿಲುಗಳಾದ ಪತ್ರರಂಧ್ರಗಳ ರಚನೆ ಹೇಗಿದೆಯೆಂದರೆ ಶುದ್ಧ ನೀರು ತಾನಾಗಿ ಒಳಗೆ ಹೋಗಲಾರದು. ಮೇಲ್ಮೈ ಎಳೆತ ಸುಮಾರು 25-30ಕ್ಕಿಂತ ಕೆಳಗಿಳಿದಾಗ ಮಾತ್ರ ದ್ರವ ಆ ಬಾಗಿಲಿನಲ್ಲಿ ನುಸುಳಬಲ್ಲದು. ಗಿಡದ ಒಳಗೆ ಹರಿಯಬೇಕಾದ ಕಳೆನಾಶಕಕ್ಕೆ ಇದು ವರ, ಏಕೆಂದರೆ ಸಿಂಪಡಿಸಿ ಸ್ವಲ್ಪ ಹೊತ್ತಿಗೆ ಮಳೆ ಬಂದರೂ ಒಂದು ಪಾಲು ಆಗಲೇ ಒಳಗೆ ಸೇರಿರುತ್ತದೆ. ಆದರೆ ಎಲೆಯ ಹೊರಗೇ ಇದ್ದು ಬೀಜಾಣುಗಳನ್ನು ತಡೆಯಬೇಕಾದ ಶಿಲೀಂಧ್ರನಾಶಕಕ್ಕೆ ಒಳಗೇನು ಕೆಲಸ? ಒಳಗೆ ನುಗ್ಗಿದ ತಾಮ್ರವೋ ಕ್ಯಾಪ್ಟಾನ್ ಎಂಬ ಶಿಲೀಂಧ್ರನಾಶಕವೋ ಎಲೆಯ ಜೀವಕೋಶಗಳನ್ನೇ ಸುಡುತ್ತದೆ. ಅಂಥ ಔಷಧಿಗೆ ಬೇಕಾದುದು ನಿಜವಾದ ಅಂಟು, ಅಂದರೆ ಒಣಗಿದಾಗ ತೆಳುಪೊರೆಯಾಗಿ ಕೂರುವ ಲ್ಯಾಟೆಕ್ಸ್ ಅಥವಾ ಪೈನ್ ಮರದ ರಾಳದಿಂದ ಮಾಡಿದ ಸ್ಟಿಕ್ಕರ್. ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣವನ್ನು ಫ್ರಾನ್ಸಿನ ಸಸ್ಯವಿಜ್ಞಾನಿ ಮಿಲ್ಲಾರ್ಡೆ ಪ್ರಕಟಿಸಿದ್ದು 1885ರಲ್ಲಿ. ಅದು ಮಳೆಗೆ ಬೇಗ ತೊಳೆದುಹೋಗದೆ ಎಲೆಗೆ ಅಂಟಿಕೊಂಡಿರುವುದೇ ಅದರ ಬಹುಪಾಲು ಶಕ್ತಿ. ಸುಣ್ಣದ ಜೊತೆ ಸೇರಿದ ತಾಮ್ರ ನೀರಿನಲ್ಲಿ ಸುಲಭವಾಗಿ ಕರಗದ ರೂಪಕ್ಕೆ ತಿರುಗಿ, ಎಲೆಯ ಮೇಲೆ ಕುಳಿತು, ಸ್ವಲ್ಪಸ್ವಲ್ಪವೇ ಬಿಡುಗಡೆಯಾಗುತ್ತದೆ. ಅಂಟು ಹೆಚ್ಚಾದಷ್ಟೂ ಔಷಧಿಯ ಉಳಿಕೆಯೂ ಬೆಳೆಯ ಮೇಲೆ ಹೆಚ್ಚು ದಿನ ಇರಬಹುದು ಎಂಬುದನ್ನು ಕೊಯ್ಲು ಸಮೀಪಿಸಿದಾಗ ಮರೆಯಬಾರದು.

ಎಣ್ಣೆಗಳ ದಾರಿ ಮತ್ತೊಂದು. ಖನಿಜ ತೈಲವಾಗಲಿ, ಸಂಸ್ಕರಿಸಿದ ಬೀಜದ ಎಣ್ಣೆಯಾಗಲಿ, ಎಲೆಯ ಮೇಣವನ್ನು ಮೆದುಗೊಳಿಸಿ ಎಣ್ಣೆಯಲ್ಲಿ ಕರಗುವ ಔಷಧಿಗಳಿಗೆ ದಾರಿ ಮಾಡಿಕೊಡುತ್ತದೆ. ಗಂಧಕ ಸಿಂಪಡಿಸಿ ಎರಡು ವಾರ ಕಳೆಯುವ ಮೊದಲು ಎಣ್ಣೆ ಹೊಡೆದರೆ ಎಲೆ ಸುಡುವುದು, ಕ್ಯಾಪ್ಟಾನಿನೊಡನೆ ಎಣ್ಣೆ ಸೇರಿದರೆ ಗಿಡಕ್ಕೆ ಹಾನಿಯಾಗುವುದು, ಇವೆರಡೂ ಈ ದಾರಿಯ ಪರಿಣಾಮಗಳೇ.

ಇಷ್ಟೆಲ್ಲ ಆಗುವುದು ಹನಿ ಎಲೆಯನ್ನು ತಲುಪಿ ಅಲ್ಲಿ ಕುಳಿತ ಮೇಲೆ. ತಲುಪುವುದೇ ಒಂದು ಪ್ರಯಾಸ. ಕೂದಲೆಳೆಯಷ್ಟು, ಅಂದರೆ ಸುಮಾರು 100 ಮೈಕ್ರಾನ್ ಅಗಲದ ಹನಿ ನಿಶ್ಚಲ ಗಾಳಿಯಲ್ಲಿ 3 ಮೀಟರ್ ಕೆಳಗಿಳಿಯಲು ಹತ್ತು ಸೆಕೆಂಡು ಸಾಕು. 20 ಮೈಕ್ರಾನಿನದು ನಾಲ್ಕು ನಿಮಿಷ ತೇಲುತ್ತದೆ, ಆ ನಾಲ್ಕು ನಿಮಿಷದಲ್ಲಿ ತಂಗಾಳಿ ಅದನ್ನು ಪಕ್ಕದ ಬೆಳೆಗೋ ಕೆರೆಗೋ ಒಯ್ದುಬಿಡಬಹುದು. ಗೋರಿಕಾಯಿ ಬೀಜದ ಅಂಟು (ಗ್ವಾರ್ ಗಮ್), ಪಾಲಿಅಕ್ರಿಲಮೈಡ್ ಮುಂತಾದ ಉದ್ದ ಸರಪಳಿಯ ಪಾಲಿಮರ್‌ಗಳನ್ನು ಬೆರೆಸಿದರೆ ನಾಜಲಿನಿಂದ ಹೊರಡುವ ಅತಿಸಣ್ಣ ಹನಿಗಳ ಪಾಲು ಕಡಿಮೆಯಾಗುತ್ತದೆ. ದೊಡ್ಡ ಹನಿ ಗಾಳಿಗೆ ಸಿಗದು, ಆದರೆ ಮೇಣದ ಎಲೆಗೆ ಬಡಿದಾಗ ಚೆಂಡಿನಂತೆ ಪುಟಿಯುತ್ತದೆ. ಪಾಲಿಮರನ್ನು ಅತ್ಯಲ್ಪವಾಗಿ ಬೆರೆಸಿದರೆ ಈ ಪುಟಿತವನ್ನೂ ತಡೆಯಬಹುದೆಂದು ವಿಜ್ಞಾನಿಗಳಾದ ಬರ್ಜೆರಾನ್, ಬಾನ್ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದರು: ಬಡಿದು ಚಪ್ಪಟೆಯಾದ ಹನಿ ಮತ್ತೆ ಮುದುಡಿಕೊಳ್ಳುವ ವೇಗವನ್ನು ಪಾಲಿಮರಿನ ಎಳೆಗಳು ತಗ್ಗಿಸುತ್ತವೆ. 2016ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಕೃಪಾ ವಾರಣಾಸಿ ಮತ್ತು ಮಾಹೆರ್ ದಮಾಕ್ ಅವರ ತಂಡ ಇದಕ್ಕಿಂತ ಸೊಗಸಾದ ಉಪಾಯವೊಂದನ್ನು ಪ್ರಕಟಿಸಿತು. ಒಂದು ದ್ರಾವಣದಲ್ಲಿ ಧನ ವಿದ್ಯುದಂಶದ ಪಾಲಿಮರ್, ಇನ್ನೊಂದರಲ್ಲಿ ಋಣ ವಿದ್ಯುದಂಶದ್ದು. ಎರಡನ್ನೂ ಏಕಕಾಲಕ್ಕೆ ಸಿಂಪಡಿಸಿದರೆ, ಎರಡು ಬಗೆಯ ಹನಿಗಳು ಎಲೆಯ ಮೇಲೆ ಒಂದಾದ ಕಡೆ ಸಣ್ಣ ಸಣ್ಣ ಘನಕಣಗಳು ಹುಟ್ಟಿ ಎಲೆಯ ಮೈಗೆ ಕಚ್ಚಿಕೊಂಡು, ಅವೇ ಹನಿಗೆ ಹಿಡಿಕೆಯಾಗುತ್ತವೆ.

ಈಗ ನಾನು ಎಲ್ಲಕ್ಕಿಂತ ಹೆಚ್ಚು ಕಾಳಜಿಯಿಂದ ಹೇಳಬಯಸುವ ವಿಷಯಕ್ಕೆ ಬರುತ್ತೇನೆ: ಟ್ಯಾಂಕಿಗೆ ತುಂಬುವ ನೀರು. ದ್ರಾವಣದ ನೂರಕ್ಕೆ ತೊಂಬತ್ತೆಂಟು ಪಾಲಿಗಿಂತಲೂ ಹೆಚ್ಚು ಸಾಮಾನ್ಯವಾಗಿ ನೀರೇ ಆಗಿದ್ದರೂ, ಔಷಧಿ ಕೆಲಸ ಮಾಡದಿದ್ದಾಗ ನಾವು ಮೊದಲು ಔಷಧಿಯನ್ನು ದೂರುತ್ತೇವೆ, ಆಮೇಲೆ ಕೀಟಕ್ಕೆ ನಿರೋಧಕ ಶಕ್ತಿ ಬಂದಿದೆ ಎನ್ನುತ್ತೇವೆ, ನೀರನ್ನು ಮಾತ್ರ ಸಂಶಯಿಸುವುದೇ ಇಲ್ಲ. ಗ್ಲೈಫೋಸೇಟ್ ಕಳೆನಾಶಕವನ್ನೇ ತೆಗೆದುಕೊಳ್ಳೋಣ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಯಾನುಗಳು ಅದರೊಡನೆ ಗಂಟುಬೀಳುತ್ತವೆ, ಆ ಗಂಟು ಎಲೆಯನ್ನು ಸುಲಭವಾಗಿ ದಾಟಲಾರದು. ಇದಕ್ಕೆ ಪೂರಕವಾಗಿ ಬಳಸುವುದು ಬಹಳ ಸರಳವಾದ ವಸ್ತು, ಅಮೋನಿಯಂ ಸಲ್ಫೇಟ್ ಗೊಬ್ಬರ: 100 ಲೀಟರ್ ನೀರಿಗೆ 1ರಿಂದ 2 ಕಿಲೋಗ್ರಾಂ. ಸಲ್ಫೇಟ್ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಅಮೋನಿಯಂ ಗ್ಲೈಫೋಸೇಟಿನೊಡನೆ ಸೇರಿ ಎಲೆ ಸುಲಭವಾಗಿ ಹೀರುವ ಲವಣವಾಗುತ್ತದೆ. ಆದರೆ ಗೊಬ್ಬರ ಮೊದಲು ನೀರಿನಲ್ಲಿ ಪೂರ್ತಿ ಕರಗಿರಬೇಕು, ಕಳೆನಾಶಕ ಆಮೇಲೆ ಬೀಳಬೇಕು. ಮಣ್ಣಿನ ಕಣಗಳಿಂದ ಕದಡಿದ ನೀರಿಗೆ ಮಾತ್ರ ಯಾವ ಪೂರಕವೂ ಇಲ್ಲ. ಗ್ಲೈಫೋಸೇಟ್ ಮತ್ತು ಪ್ಯಾರಾಕ್ವಾಟ್ ಎರಡೂ ಜೇಡಿಕಣಗಳಿಗೆ ಎಷ್ಟು ಬಿಗಿಯಾಗಿ ಅಂಟಿಕೊಳ್ಳುತ್ತವೆಂದರೆ, ಕಳೆಯನ್ನು ಮುಟ್ಟುವ ಮೊದಲೇ ಟ್ಯಾಂಕಿನಲ್ಲೇ ನಿಷ್ಫಲವಾಗುತ್ತವೆ. ಅಲ್ಲಿ ತಿಳಿನೀರು ಹುಡುಕುವುದೊಂದೇ ದಾರಿ.

ನೀರಿನ ರಸಸಾರ, ಅಂದರೆ ಅದರ ಹುಳಿ-ಕ್ಷಾರದ ಅಳತೆ (ಪಿಎಚ್), ಮತ್ತೊಂದು ಕಥೆ. ಕ್ಷಾರದ ನೀರಿನಲ್ಲಿ ಅನೇಕ ಔಷಧಿಗಳು ಒಡೆದು ಬೇರೆ ವಸ್ತುಗಳಾಗುತ್ತವೆ. ಕ್ಯಾಪ್ಟಾನಿನ ಅರ್ಧಪಾಲು ಒಡೆಯಲು ರಸಸಾರ 5 ಇದ್ದಾಗ ಒಂದು ದಿನಕ್ಕೂ ಹೆಚ್ಚು ಬೇಕು, 7 ಇದ್ದಾಗ ಸುಮಾರು 8 ಗಂಟೆ ಸಾಕು, 8ನ್ನು ದಾಟಿದರೆ ಕೆಲವೇ ನಿಮಿಷ. ಬೆಳಿಗ್ಗೆ ಕಲಸಿ, ಕೆಲಸದ ನಡುವೆ ವಿಶ್ರಮಿಸಿ, ಮಧ್ಯಾಹ್ನ ಸಿಂಪಡಿಸಿದವನು ಅಂಥ ನೀರಿನಲ್ಲಿ ಔಷಧಿಯನ್ನಲ್ಲ, ಔಷಧಿಯ ಅವಶೇಷವನ್ನು ಸಿಂಪಡಿಸಿರುತ್ತಾನೆ. ರಸಸಾರ ಇಳಿಸುವ ಬಫರ್ ದ್ರಾವಣಗಳು ಇಲ್ಲಿ ನಿಜವಾಗಿ ನೆರವಾಗುತ್ತವೆ. ಆದರೆ ಎಲ್ಲದಕ್ಕೂ ನೀರನ್ನು ಹುಳಿ ಮಾಡುವುದೂ ತಪ್ಪು: ಹುಳಿ ನೀರಿನಲ್ಲಿ ತಾಮ್ರ ಅತಿಯಾಗಿ ಕರಗಿ ಎಲೆಯನ್ನು ಸುಡುತ್ತದೆ, ಸಲ್ಫೊನೈಲ್‌ಯೂರಿಯಾ ವರ್ಗದ ಕಳೆನಾಶಕಗಳು ಹುಳಿಯಲ್ಲೇ ಬೇಗ ಒಡೆಯುತ್ತವೆ. ಸಿಲಿಕಾನ್ ಸ್ಪ್ರೆಡರ್ ಸಹ ರಸಸಾರ 6ರಿಂದ 8ರ ನಡುವೆ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ, ಆದ್ದರಿಂದ ಅದನ್ನು ಬೆರೆಸಿದ ದ್ರಾವಣವನ್ನು ಮರುದಿನಕ್ಕೆ ಇಟ್ಟುಕೊಳ್ಳುವಂತಿಲ್ಲ. ಅಗ್ಗವಾಗಿ ಸಿಗುವ ರಸಸಾರದ ಕಾಗದದ ಪಟ್ಟಿಯೊಂದನ್ನು ನೀರಿಗೆ ಅದ್ದಿ ನೋಡಿದರೆ ಈ ಅನುಮಾನ ಅಲ್ಲಿಯೇ ಬಗೆಹರಿಯುತ್ತದೆ.

ಇಷ್ಟರವರೆಗೆ ಹೇಳಿದ್ದೆಲ್ಲ ಗುರಿಯ ಹೊರಗಿನ ಅಡ್ಡಿಗಳು. ಅಡ್ಡಿ ಕೀಟದ ದೇಹದ ಒಳಗೇ ಇದ್ದರೆ? ಸೇವಂತಿಗೆಯ ಜಾತಿಯ ಹೂವಿನಿಂದ ತೆಗೆಯುವ ಪೈರಿಥ್ರಮ್ ನೊಣವನ್ನು ಕ್ಷಣದಲ್ಲಿ ಕೆಡಹುತ್ತದೆ, ಆದರೆ ಎಷ್ಟೋ ಬಾರಿ ಅದೇ ನೊಣ ಸ್ವಲ್ಪ ಹೊತ್ತಿಗೆ ಎದ್ದು ಹಾರುತ್ತದೆ, ಏಕೆಂದರೆ ಅದರ ದೇಹದ ಪಿ450 ಎಂಬ ಕಿಣ್ವಗಳು ವಿಷವನ್ನು ಒಡೆದುಹಾಕಿರುತ್ತವೆ. 1940ರಲ್ಲಿ ಈಗಲ್ಸನ್ ಎಂಬುವರು ಎಳ್ಳೆಣ್ಣೆ ಬೆರೆಸಿದರೆ ಪೈರಿಥ್ರಮ್ ಹೆಚ್ಚು ಪರಿಣಾಮಕಾರಿಯಾಗುತ್ತದೆಂದು ಪೇಟೆಂಟ್ ಪಡೆದರು. ಬೇರೆ ಎಣ್ಣೆಗಳಿಗಿಲ್ಲದ ಆ ಗುಣ ಎಳ್ಳಿನಲ್ಲಿರುವ ಸೆಸಮಿನ್‌ನಂಥ ವಸ್ತುಗಳದೆಂದು ಆಮೇಲೆ ತಿಳಿಯಿತು. ಅದೇ ಬಗೆಯ ರಚನೆಯ ಪೈಪರೋನಿಲ್ ಬ್ಯುಟಾಕ್ಸೈಡ್ ಅನ್ನು ಹರ್ಮನ್ ವಾಕ್ಸ್ 1947ರಲ್ಲಿ ಪ್ರಕಟಿಸಿದರು. ಇದು ಕಿಣ್ವಗಳ ಕೈಕಟ್ಟಿಹಾಕುತ್ತದೆ, ಔಷಧಿ ತನ್ನ ಕೆಲಸವನ್ನು ಪೂರೈಸುತ್ತದೆ. ಪೈರಿಥ್ರಮ್ ಮಾದರಿಯಲ್ಲಿ ಕೃತಕವಾಗಿ ತಯಾರಿಸಿದ ಪೈರಿಥ್ರಾಯ್ಡ್ ಕೀಟನಾಶಕಗಳಿಗೆ ಸೊಳ್ಳೆಗಳು ಒಗ್ಗಿಹೋದ ಕಡೆಗಳಲ್ಲಿ ಬಳಸಲು, ಈ ಪೂರಕವನ್ನು ಸೇರಿಸಿದ ಸೊಳ್ಳೆಪರದೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಷರತ್ತಿನೊಡನೆ ಶಿಫಾರಸು ಮಾಡಿತು. ಟಾಂಜಾನಿಯಾದಲ್ಲಿ ನಡೆದ ದೊಡ್ಡ ಪ್ರಯೋಗವೊಂದು ಅವು ಮಕ್ಕಳಲ್ಲಿ ಮಲೇರಿಯಾವನ್ನು ಸಾಮಾನ್ಯ ಪರದೆಗಳಿಗಿಂತ ಹೆಚ್ಚು ತಗ್ಗಿಸಿದವೆಂದು ತೋರಿಸಿತ್ತು. ಎಲ್ಲ ಪೂರಕಗಳ ಪೈಕಿ ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದ ಕಥೆ ಇದು, ಎಳ್ಳಿನ ಎಣ್ಣೆಯಿಂದ ಹೊರಟು ಮಕ್ಕಳ ಹಾಸಿಗೆಯವರೆಗೆ ಬಂದದ್ದು. ಆದರೂ ಇಲ್ಲಿಯೂ ಅಡ್ಡಿ ಯಾವುದೆಂಬ ಪ್ರಶ್ನೆಯೇ ಮುಖ್ಯ: ಕೀಟದ ನಿರೋಧಕ ಶಕ್ತಿ ಕಿಣ್ವಗಳಿಂದಲ್ಲದೆ, ವಿಷ ತಾಗುವ ನರದ ಜಾಗವೇ ಬದಲಾಗಿರುವುದರಿಂದ ಬಂದಿದ್ದರೆ ಈ ಪೂರಕದಿಂದ ಹೆಚ್ಚಿನ ಪ್ರಯೋಜನವಿಲ್ಲ.

ಪೂರಕ ಕೊಲ್ಲುವುದಿಲ್ಲ ಎಂದು ಆರಂಭದಲ್ಲಿ ಬರೆದೆ. ಆ ಮಾತಿಗೆ ಈಗ ತಿದ್ದುಪಡಿ ಬೇಕು. ದೀರ್ಘಕಾಲ ಇವುಗಳನ್ನು 'ಜಡ ಪದಾರ್ಥ' ಎಂದೇ ಕರೆಯಲಾಯಿತು, ಆ ಹೆಸರು ನಮ್ಮನ್ನು ದಾರಿ ತಪ್ಪಿಸಿತು. ಕೆಲವು ಗ್ಲೈಫೋಸೇಟ್ ಮಿಶ್ರಣಗಳಲ್ಲಿ ಬಳಸುತ್ತಿದ್ದ ಪಾಲಿಇಥಾಕ್ಸಿಲೇಟೆಡ್ ಟ್ಯಾಲೋ ಅಮೀನ್ ಎಂಬ ಸ್ಪ್ರೆಡರ್ ಮೀನುಗಳಿಗೆ ಗ್ಲೈಫೋಸೇಟಿಗಿಂತಲೂ ಹೆಚ್ಚು ವಿಷಕಾರಿ ಎಂಬುದು 1979ರಷ್ಟು ಹಿಂದಿನ ಪರೀಕ್ಷೆಗಳಿಂದಲೇ ಕಾಣತೊಡಗಿತ್ತು. ಯುರೋಪಿಯನ್ ಒಕ್ಕೂಟ ಅದನ್ನು ಗ್ಲೈಫೋಸೇಟ್ ಉತ್ಪನ್ನಗಳಿಂದ ಹೊರಗಿಟ್ಟದ್ದು 2016ರಲ್ಲಿ. ನೊನೈಲ್‌ಫೀನಾಲ್ ಇಥಾಕ್ಸಿಲೇಟ್ ಎಂಬ ಇನ್ನೊಂದು ವರ್ಗದ ಸ್ಪ್ರೆಡರ್‌ಗಳು ಒಡೆದಾಗ ಹಾರ್ಮೋನಿನಂತೆ ವರ್ತಿಸುವ ನೊನೈಲ್‌ಫೀನಾಲ್ ಉಳಿಯುತ್ತದೆ. ಜೇನುನೊಣಗಳ ವಿಷಯ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿತು. ಸಿಲಿಕಾನ್ ಸ್ಪ್ರೆಡರನ್ನು ಸೇವಿಸಿದ ಜೇನುನೊಣಗಳಲ್ಲಿ ವಾಸನೆಯನ್ನು ಕಲಿತು ನೆನಪಿಡುವ ಶಕ್ತಿ ಕುಗ್ಗುತ್ತದೆಂದು 2012ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಸಂಶೋಧಕರು ವರದಿ ಮಾಡಿದರು. ಅಂಥದೇ ಸ್ಪ್ರೆಡರ್ ಬೆರೆತ ಆಹಾರ ತಿಂದ ಮರಿಹುಳಗಳು ವೈರಸ್ ಸೋಂಕಿದಾಗ ಹೆಚ್ಚಾಗಿ ಸಾಯುತ್ತವೆಂದು 2017ರಲ್ಲಿ ಇನ್ನೊಂದು ಅಧ್ಯಯನ ತೋರಿಸಿತು. ಹೂವು ಅರಳಿರುವಾಗ ಕೀಟನಾಶಕ ಹೊಡೆಯಬಾರದೆಂದು ತಿಳಿದವರು ಸಹ ಶಿಲೀಂಧ್ರನಾಶಕಕ್ಕೆ ಸಿಲಿಕಾನ್ ಬೆರೆಸಿ ನಿಶ್ಚಿಂತೆಯಿಂದ ಹೊಡೆಯುತ್ತಾರೆ. ನಾನೂ ಹೊಡೆದಿದ್ದೇನೆ. ಈಗ ಹೂವಿನ ಕಾಲದಲ್ಲಿ ಅದನ್ನು ಮುಟ್ಟುವುದಿಲ್ಲ.

ಪಾತ್ರೆ ತೊಳೆಯುವ ದ್ರಾವಣವನ್ನೇ ಸ್ಪ್ರೆಡರಾಗಿ ಹಾಕಬಹುದೇ ಎಂದು ಹಲವರು ಕೇಳುತ್ತಾರೆ. ಬೇಡವೆಂಬುದು ನನ್ನ ಅಭಿಪ್ರಾಯ. ಅದನ್ನು ಜಿಡ್ಡು ತೆಗೆಯಲೆಂದೇ ಮಾಡಿರುತ್ತಾರೆ, ಎಲೆಯ ಮೇಣವೂ ಜಿಡ್ಡೇ. ಸಾಬೂನಾದರೆ ಗಡಸು ನೀರಿನಲ್ಲಿ ಗಷ್ಟಾಗಿ ನಾಜಲಿನ ಬಾಯಿಯನ್ನು ಮುಚ್ಚಿಬಿಡುತ್ತದೆ. ಎಷ್ಟು ಹಾಕಬೇಕೆಂಬ ಅಳತೆಯೂ ಯಾರ ಬಳಿಯೂ ಇಲ್ಲ. ಇನ್ನು ಕಳೆ ಮೊಳೆಯುವ ಮೊದಲು ಮಣ್ಣಿಗೆ ಹಾಕುವ ಕಳೆನಾಶಕಕ್ಕೆ ಸ್ಪ್ರೆಡರಿನ ಅಗತ್ಯ ಸಾಮಾನ್ಯವಾಗಿ ಇರುವುದೇ ಇಲ್ಲ, ಅಲ್ಲಿ ಎಲೆಯೇ ಇಲ್ಲವಲ್ಲ. ಎಮಲ್ಸಿಫೈಯಬಲ್ ಕಾನ್ಸೆಂಟ್ರೇಟ್ ರೂಪದ ಔಷಧಿಗಳಲ್ಲಿ ಎಣ್ಣೆಯನ್ನು ನೀರಿನೊಡನೆ ಬೆರೆಸುವ ವಸ್ತುಗಳು ಮೊದಲೇ ಸೇರಿರುತ್ತವೆ. ಅದರ ಮೇಲೆ ಮತ್ತೊಂದನ್ನು ಸೇರಿಸಬೇಕೇ ಎಂಬುದನ್ನು ಆ ಔಷಧಿಯ ಲೇಬಲ್ ಹೇಳಬೇಕೇ ಹೊರತು ಪೂರಕದ ಡಬ್ಬಿಯ ಮೇಲಿನ ಬಣ್ಣದ ಚಿತ್ರವಲ್ಲ.

ಈಗ ನಾನು ಹೊಸ ಮಿಶ್ರಣವನ್ನು ಟ್ಯಾಂಕಿಗೆ ಹಾಕುವ ಮೊದಲು ಒಂದು ಲೀಟರಿನ ಗಾಜಿನ ಜಾಡಿಯಲ್ಲಿ ಅದೇ ನೀರು, ಅದೇ ಅನುಪಾತ, ಅದೇ ಅನುಕ್ರಮದಲ್ಲಿ ಕೈಗವಸು ಹಾಕಿಕೊಂಡು ಬೆರೆಸಿ ಅರ್ಧ ಗಂಟೆ ಬಿಡುತ್ತೇನೆ. ತಳದಲ್ಲಿ ಗಷ್ಟು ಕೂತರೆ, ಮೊಸರಿನಂತೆ ಒಡೆದರೆ, ಜಾಡಿ ಬಿಸಿಯಾದರೆ ಆ ಮಿಶ್ರಣ ಅಲ್ಲಿಗೇ ಮುಗಿಯಿತು. ಸರಿಯಿದ್ದರೆ, ನೀರು ತಾಗಿದೊಡನೆ ಹಳದಿಯಿಂದ ನೀಲಿಗೆ ತಿರುಗುವ ಕಾಗದದ ತುಂಡುಗಳನ್ನು ನಾಲ್ಕಾರು ಗಿಡಗಳ ಮೇಲ್ಭಾಗ, ನಡುಭಾಗ ಮತ್ತು ಎಲೆಯ ಅಡಿಗೆ ಸಿಕ್ಕಿಸಿ, ಬರಿ ನೀರು ಮತ್ತು ಪೂರಕ ಮಾತ್ರ ತುಂಬಿ ಒಂದು ಸಾಲು ಹೊಡೆದು ನೋಡುತ್ತೇನೆ. ಕಳೆದ ಸಲ ಈರುಳ್ಳಿಯಲ್ಲಿ ಹೀಗೆ ನೋಡಿದಾಗ ಮೇಲಿನ ಕಾಗದಗಳಲ್ಲಿ ನೀಲಿ ಚುಕ್ಕೆಗಳು ಒತ್ತಾಗಿದ್ದವು, ಥ್ರಿಪ್ಸ್ ಅಡಗುವ ಎಲೆಸಂದಿನ ಕಾಗದ ಮಾತ್ರ ಹಳದಿಯಾಗಿಯೇ ಉಳಿದಿತ್ತು. ಸ್ಪ್ರೆಡರನ್ನು ಹೆಚ್ಚಿಸಲಿಲ್ಲ, ನಾಜಲನ್ನು ಸ್ವಲ್ಪ ಕೆಳಗಿಳಿಸಿ, ಎರಡೂ ಪಕ್ಕಗಳಿಂದ ಸಂದಿಗೆ ಗುರಿಯಾಗುವಂತೆ ಓರೆ ಮಾಡಿದೆ, ಎರಡನೆಯ ಸಾಲಿನಲ್ಲಿ ಆ ಕಾಗದವೂ ನೀಲಿಯಾಯಿತು.